ಅಂಕಿತನಾಮವೋ, ಅನ್ವರ್ಥನಾಮವೋ? – ಜಾಲತಾಣದ ಹೆಸರಿನ ಚರಿತ್ರೆ

ಹೆಸರುಗಳಲ್ಲಿ ಮೂರು ಬಗೆಯೆಂದು ನಮ್ಮ ವ್ಯಾಕರಣ ಹೇಳುತ್ತದೆ. ನದಿ, ಊರು, ಅಂಗಡಿ ಎಂಬಂತೆ ರೂಢಿಯಿಂದ ಬಂದುದು ರೂಢನಾಮ. ಕಾವೇರಿ, ಮೈಸೂರು ಎಂಬಂತೆ ಒಂದೊಂದನ್ನು ಗುರುತಿಸುವುದಕ್ಕಾಗಿ ಇಟ್ಟುದು ಅಂಕಿತನಾಮ. ವ್ಯಾಪಾರಿ, ಶಿಕ್ಷಕ, ದಾನಿ ಎಂಬಂತೆ ಗುಣವನ್ನೋ ಕಸಬನ್ನೋ ಅನುಸರಿಸಿ ಅರ್ಥಕ್ಕೆ ಹೊಂದಿಕೊಂಡು ಬಂದುದು ಅನ್ವರ್ಥನಾಮ. ಶಾಲೆಯ ಮೆಟ್ಟಿಲು ಹತ್ತಿದವರೆಲ್ಲರೂ ಬಲ್ಲ ಈ ಪಾಠವನ್ನು ಇಲ್ಲಿ ನೆನಪಿಸುವುದಕ್ಕೆ ಕಾರಣವುಂಟು. ಹೊಸ ಕಾಲದ ಒಂದು ದೊಡ್ಡ ವ್ಯವಹಾರ ಈ ಹಳೆಯ ಪಾಠದ ಸುತ್ತಲೇ ಸುಮಾರು ಮೂವತ್ತು ವರ್ಷ ತಿರುಗಿದೆ.

ಅಂತರ್ಜಾಲದಲ್ಲಿ ಒಂದು ತಾಣವನ್ನು ತೆರೆಯುವವರು ಮೊದಲು ಅದಕ್ಕೊಂದು ಹೆಸರನ್ನು ನೋಂದಾಯಿಸಬೇಕು. ಅದಕ್ಕೆ ಡೊಮೈನ್ ಹೆಸರೆನ್ನುತ್ತಾರೆ. ನಿಮ್ಮ ಊರಿನ ಜವಳಿ ಅಂಗಡಿ, ಸಂಗೀತ ಶಾಲೆ, ಸಹಕಾರ ಸಂಘ ಎಲ್ಲಕ್ಕೂ ಈಗ ಇಂಥದೊಂದು ಹೆಸರು ಬೇಕಾಗಿದೆ. ಆದರೆ ಹುಡುಕುವವರು ನೇರವಾಗಿ ಆ ಹೆಸರಿಗೆ ಬರುವುದು ಕಡಿಮೆ. ಅವರು ಗೂಗಲ್ಲಿನಂಥ ಶೋಧಯಂತ್ರದಲ್ಲಿ ಎರಡು ಮೂರು ಮಾತು ಬರೆಯುತ್ತಾರೆ. ಯಂತ್ರವು ತಾಣಗಳ ಒಂದು ಸಾಲನ್ನು ಮುಂದಿಡುತ್ತದೆ. ಸಾಲಿನ ತಲೆಯಲ್ಲಿರುವವರ ಬಾಗಿಲಿಗೆ ಜನ ಬರುತ್ತಾರೆ, ಬಾಲದಲ್ಲಿರುವವರು ಕಾದು ಕುಳಿತಿರುತ್ತಾರೆ. ಹಾಗಾದರೆ ಬೆಳ್ಳಿಯ ಆಭರಣ ಮಾರುವವರು ತಮ್ಮ ತಾಣಕ್ಕೆ ‘ಬೆಳ್ಳಿ ಆಭರಣ’ ಎಂದೇ ಅನ್ವರ್ಥವಾಗಿ ಹೆಸರಿಟ್ಟರೆ ಸಾಲಿನ ತಲೆಗೆ ಏರಬಹುದೇ? ಅಥವಾ ಮನೆತನದ ಅಂಕಿತವೇ ಸಾಕೇ? ‘ಈ ಹೆಸರು ಕೊಳ್ಳಿ, ಮೊದಲ ಸ್ಥಾನ ಖಂಡಿತ’ ಎಂದು ಮಾರುವವರು ಇಂದಿಗೂ ಇದ್ದಾರೆ. ಅವರ ಮಾತಿಗೆ ಹಣ ಕೊಡುವ ಮೊದಲು ಈ ಚರಿತ್ರೆಯನ್ನು ಸ್ವಲ್ಪ ತಿಳಿದಿರುವುದು ಒಳಿತು.

ಮೊಟ್ಟಮೊದಲು ಹೆಸರಿಗೆ ಬೆಲೆಯೇ ಇರಲಿಲ್ಲ, ಬೆಲೆಯಿದ್ದುದು ಅಂಕೆಗೆ. 1969ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ಆರ್ಪಾನೆಟ್ ಎಂಬ ಗಣಕಯಂತ್ರಗಳ ಜಾಲ ಹುಟ್ಟಿತು. ಅದರ ಒಂದೊಂದು ಯಂತ್ರಕ್ಕೂ ಒಂದೊಂದು ಸಂಖ್ಯೆ. ಸಂಖ್ಯೆಗಳನ್ನು ನೆನಪಿಡುವುದು ಕಷ್ಟವಾದುದರಿಂದ ಪಕ್ಕದಲ್ಲಿ ಹೆಸರು ಬರೆದ ಒಂದು ಪಟ್ಟಿಯಿತ್ತು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯೂ ಅವರ ಸಂಗಡಿಗರೂ ಆ ಪಟ್ಟಿಯನ್ನು ಕಾಪಾಡುತ್ತಿದ್ದರು. ಹೊಸ ಯಂತ್ರ ಜಾಲಕ್ಕೆ ಸೇರಿದರೆ ಅವರ ಕಚೇರಿಗೆ ತಿಳಿಸಬೇಕು. ಅವರು ಪಟ್ಟಿಯಲ್ಲಿ ಬರೆಯಬೇಕು. ಮಿಕ್ಕವರೆಲ್ಲರೂ ಪಟ್ಟಿಯ ಹೊಸ ಪ್ರತಿಯನ್ನು ತರಿಸಿಕೊಳ್ಳಬೇಕು. ಮನೆಗಳು ನೂರಾರು ಆದಾಗ ಒಬ್ಬರೇ ಶಾನುಭೋಗರ ಒಂದೇ ಕಡತದಿಂದ ಊರಿನ ಲೆಕ್ಕ ನಡೆಯುವುದಿಲ್ಲ. ಇಲ್ಲಿಯೂ ಹಾಗೆಯೇ ಆಯಿತು.

1983ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಪಾಲ್ ಮೊಕಪೆಟ್ರಿಸ್ ಎಂಬವರು ಇದಕ್ಕೊಂದು ಉಪಾಯ ಕಂಡುಕೊಂಡರು. ಅಂಚೆಯ ವಿಳಾಸದಲ್ಲಿ ಮನೆ, ಬೀದಿ, ಊರು, ಜಿಲ್ಲೆ ಎಂದು ಮೆಟ್ಟಿಲುಗಳಿರುವಂತೆ ಹೆಸರಿನಲ್ಲಿಯೂ ಮೆಟ್ಟಿಲುಗಳನ್ನು ಮಾಡಿ, ಒಂದೊಂದು ಮೆಟ್ಟಿಲಿನ ಆಡಳಿತವನ್ನು ಒಬ್ಬೊಬ್ಬರಿಗೆ ಹಂಚಿದರು. ಮರುವರ್ಷ ತುದಿಯ ಮೆಟ್ಟಿಲುಗಳಿಗೆ ಹೆಸರು ಗೊತ್ತಾಯಿತು: ವ್ಯಾಪಾರಕ್ಕೆ ಡಾಟ್ ಕಾಮ್, ವಿದ್ಯಾಸಂಸ್ಥೆಗಳಿಗೆ ಡಾಟ್ ಎಜು, ಸರ್ಕಾರಕ್ಕೆ ಡಾಟ್ ಗವ್, ಸೈನ್ಯಕ್ಕೆ ಡಾಟ್ ಮಿಲ್, ಇತರ ಸಂಸ್ಥೆಗಳಿಗೆ ಡಾಟ್ ಆರ್ಗ್. 1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಎಂಬ ಗಣಕಯಂತ್ರದ ಕಂಪೆನಿ ಮೊದಲ ಡಾಟ್ ಕಾಮ್ ಹೆಸರನ್ನು ನೋಂದಾಯಿಸಿತು. ಆಗ ಅದಕ್ಕೆ ಶುಲ್ಕವೂ ಇರಲಿಲ್ಲ, ನೂಕುನುಗ್ಗಲೂ ಇರಲಿಲ್ಲ. ಹೆಸರೆಂದರೆ ವಿಳಾಸ, ಅಷ್ಟೇ. ಸಾಲು ಎಂಬುದೇ ಇಲ್ಲದಿದ್ದ ಮೇಲೆ ಸಾಲಿನಲ್ಲಿ ಮುಂದೆ ನಿಲ್ಲುವ ಆಸೆ ಯಾರಿಗೆ ಬರಬೇಕು?

ಸಾಲು ಬಂದುದು 1990ರ ದಶಕದಲ್ಲಿ. 1991ರಲ್ಲಿ ಟಿಮ್ ಬರ್ನರ್ಸ್-ಲೀ ಅವರ ವರ್ಲ್ಡ್ ವೈಡ್ ವೆಬ್ ಸಾರ್ವಜನಿಕರಿಗೆ ತೆರೆಯಿತು. ತಾಣಗಳು ನಾಯಿಕೊಡೆಗಳಂತೆ ಎದ್ದುವು. 1994ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಇಬ್ಬರು ವಿದ್ಯಾರ್ಥಿಗಳು, ಜೆರಿ ಯಾಂಗ್ ಮತ್ತು ಡೇವಿಡ್ ಫೈಲೊ, ತಮಗೆ ಮೆಚ್ಚುಗೆಯಾದ ತಾಣಗಳ ಒಂದು ಸೂಚಿಯನ್ನು ಮಾಡಿದರು. ಅದೇ ಯಾಹೂ. ಕಲೆ, ವ್ಯಾಪಾರ, ವಿಜ್ಞಾನ ಎಂಬ ತಲೆಬರಹಗಳ ಕೆಳಗೆ ತಾಣಗಳ ಹೆಸರು ಅಕಾರಾದಿಯಾಗಿ ನಿಂತಿದ್ದುವು. ಶಾಲೆಯ ಹಾಜರಿ ಪುಸ್ತಕವನ್ನು ನೀವು ಬಲ್ಲಿರಿ. ‘ಅ’ಕಾರದಿಂದ ಹೆಸರು ತೊಡಗುವ ಹುಡುಗನನ್ನು ಮೊದಲು ಕೂಗುತ್ತಾರೆ, ಅವನು ಜಾಣನಾಗಿರಲಿ ದಡ್ಡನಾಗಿರಲಿ. ಹೆಸರಿನ ಆಯ್ಕೆಯಿಂದ ಸ್ಥಾನ ಬದಲಾಗುತ್ತದೆಂಬುದು ಜನಕ್ಕೆ ಮೊದಲು ಹೊಳೆದುದು ಇಲ್ಲಿಯೇ.

ಅದೇ ವರ್ಷ ಅಮೆರಿಕದ ಸಿಯಾಟಲ್ ಪ್ರಾಂತದಲ್ಲಿ ಜೆಫ್ ಬೆಜೋಸ್ ಎಂಬವರು ಪುಸ್ತಕದ ವ್ಯಾಪಾರಕ್ಕಾಗಿ ಒಂದು ಕಂಪೆನಿಯನ್ನು ಕಟ್ಟಿದರು. ಮೊದಲು ಇಟ್ಟ ಹೆಸರು ಕೆಡಾಬ್ರ. ಅದು ಮಂತ್ರವಾದಿಗಳು ಹೇಳುವ ‘ಅಬ್ರಕೆಡಾಬ್ರ’ದ ತುಂಡು. ಟೆಲಿಫೋನಿನಲ್ಲಿ ಆ ಹೆಸರನ್ನು ಕೇಳಿದ ವಕೀಲರಿಗೆ ಅದು ‘ಹೆಣ’ ಎಂಬ ಅರ್ಥದ ಕೆಡಾವರ್ ಎಂಬ ಇಂಗ್ಲಿಷ್ ಮಾತಿನಂತೆ ಕೇಳಿಸಿತಂತೆ. ಬೆಜೋಸರು ಆ ಹೆಸರನ್ನು ಬಿಟ್ಟು, ನಿಘಂಟಿನ ‘ಎ’ ಅಕ್ಷರದ ಪುಟಗಳನ್ನು ತಿರುವಿ, ಮಹಾನದಿಯ ಹೆಸರಾದ ಅಮೆಜಾನ್ ಎಂಬುದನ್ನು ಆರಿಸಿದರು. ಸೂಚಿಯಲ್ಲಿ ಮೇಲೆ ಬರಬೇಕೆಂಬುದು ಆ ಆಯ್ಕೆಯ ಕಾರಣಗಳಲ್ಲೊಂದು. ರೇಡಿಯೋ ಕೇಳುವವರಿಗೆ ಈ ಕಥೆಯ ಪಾಠ ಬೇಗ ತಿಳಿಯುತ್ತದೆ: ಕಣ್ಣಿಗೆ ಒಪ್ಪುವ ಹೆಸರು ಕಿವಿಗೂ ಒಪ್ಪಬೇಕು.

ತಾಣಗಳು ಲಕ್ಷಗಟ್ಟಲೆ ಆದ ಮೇಲೆ ಮನುಷ್ಯರ ಕೈಯ ಸೂಚಿ ಸಾಲದಾಯಿತು. ತಾಣದಿಂದ ತಾಣಕ್ಕೆ ತಾನೇ ಅಲೆದು, ಓದಿ, ಮಾತುಗಳನ್ನು ಪೋಣಿಸಿಟ್ಟುಕೊಳ್ಳುವ ಯಂತ್ರಗಳು ಬಂದುವು. ಅವುಗಳಲ್ಲಿ ಪ್ರಸಿದ್ಧವಾದುದು 1995ರ ಡಿಸೆಂಬರಿನಲ್ಲಿ ಡಿಜಿಟಲ್ ಎಂಬ ಕಂಪೆನಿ ತೆರೆದ ಆಲ್ಟಾವಿಸ್ಟ. ಇದರ ಹೆಸರಿನ ಕಥೆಯೂ ಸ್ವಾರಸ್ಯವಾದದ್ದೇ. ಆಲ್ಟಾವಿಸ್ಟ ಡಾಟ್ ಕಾಮ್ ಎಂಬ ವಿಳಾಸ ಆಗಲೇ ಕ್ಯಾಲಿಫೋರ್ನಿಯದ ಒಂದು ಸಣ್ಣ ಕಂಪೆನಿಯ ವಶದಲ್ಲಿತ್ತು. ಆದಕಾರಣ ಲೋಕಪ್ರಸಿದ್ಧವಾದ ಈ ಶೋಧಯಂತ್ರ ತನ್ನ ಒಡೆಯನ ಮನೆಯ ಒಂದು ಕೋಣೆಯಂತೆ, ಆಲ್ಟಾವಿಸ್ಟ ಡಾಟ್ ಡಿಜಿಟಲ್ ಡಾಟ್ ಕಾಮ್ ಎಂಬ ಉದ್ದದ ವಿಳಾಸದಲ್ಲಿ ಬಾಳಿತು. 1998ರಲ್ಲಿ ಡಿಜಿಟಲನ್ನು ಕೊಂಡ ಕಾಂಪ್ಯಾಕ್ ಕಂಪೆನಿ ಆ ಹೆಸರಿಗಾಗಿ ಸುಮಾರು 33 ಲಕ್ಷ ಡಾಲರು ತೆತ್ತಿತು. ಆದರೂ 2013ರ ಜುಲೈಯಲ್ಲಿ ಆಲ್ಟಾವಿಸ್ಟ ಮುಚ್ಚಿಹೋಯಿತು. ಅನುಕೂಲವಾದ ವಿಳಾಸವಿಲ್ಲದೆ ಅದು ಬೆಳೆಯಿತು. ಆ ವಿಳಾಸ ಕೈಗೆ ಬಂದ ಮೇಲೂ ಉಳಿಯಲಿಲ್ಲ.

ಆ ಕಾಲದ ಶೋಧಯಂತ್ರಗಳು ಒಂದು ಪುಟ ಯಾವುದರ ವಿಷಯವೆಂಬುದನ್ನು ಮುಖ್ಯವಾಗಿ ಆ ಪುಟದ ಮಾತುಗಳಿಂದಲೇ ಊಹಿಸುತ್ತಿದ್ದುವು. ಇದು ಒಬ್ಬನ ಯೋಗ್ಯತೆಯನ್ನು ಅವನ ಬಾಯಿಂದಲೇ ಕೇಳಿದಂತೆ. ಮೋಸಗಾರರಿಗೆ ಹಬ್ಬವಾಯಿತು. ಬೇಕಾದ ಮಾತನ್ನು ನೂರು ಸಲ ಬರೆಯುವುದು, ಬಿಳಿಯ ಹಾಳೆಯ ಮೇಲೆ ಬಿಳಿಯ ಅಕ್ಷರದಲ್ಲಿ ಅಡಗಿಸಿಡುವುದು ಮುಂತಾದ ಉಪಾಯಗಳು ಹುಟ್ಟಿದುವು.

ಇದಕ್ಕೆ ಮದ್ದು ಹುಡುಕಿದವರು ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್. 1996ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ‘ಬ್ಯಾಕ್‌ರಬ್’ ಎಂಬ ಹೆಸರಿನಲ್ಲಿ ತೊಡಗಿದ ಅವರ ಕೆಲಸ, 1997ರ ಸೆಪ್ಟೆಂಬರಿನಲ್ಲಿ ಗೂಗಲ್ ಎಂಬ ಹೆಸರನ್ನು ನೋಂದಾಯಿಸಿ, 1998ರಲ್ಲಿ ಕಂಪೆನಿಯಾಯಿತು. ಒಂದರ ಮುಂದೆ ನೂರು ಸೊನ್ನೆ ಇಟ್ಟರೆ ಬರುವ ಗೂಗೊಲ್ ಎಂಬ ಸಂಖ್ಯೆಯ ಹೆಸರನ್ನು ತಿರುಚಿ ಮಾಡಿದ ಮಾತು ಇದು. ಹುಡುಕುವುದಕ್ಕೂ ಇದಕ್ಕೂ ಅರ್ಥದ ನಂಟಿಲ್ಲ, ಶುದ್ಧ ಅಂಕಿತನಾಮ. ಅವರ ಯುಕ್ತಿ ಹೀಗಿತ್ತು. ಒಂದು ತಾಣದವರು ಇನ್ನೊಂದು ತಾಣಕ್ಕೆ ಕೊಂಡಿ ಹಾಕಿದರೆ ಅದನ್ನು ಒಂದು ಸಾಕ್ಷಿಯೆಂದು ಎಣಿಸಬೇಕು. ಸಾಕ್ಷಿ ಹೇಳುವವರಿಗೆ ಎಷ್ಟು ಜನರ ಸಾಕ್ಷಿಯಿದೆಯೋ ಅಷ್ಟು ತೂಕ ಅವರ ಮಾತಿಗೆ ಕೊಡಬೇಕು. ಹೊಸ ಊರಿಗೆ ಹೋದಾಗ ನಾವು ವೈದ್ಯರ ಬಾಗಿಲಿನ ಫಲಕವನ್ನಷ್ಟೇ ನೋಡುವುದಿಲ್ಲ. ಊರಿನ ನಾಲ್ಕು ಜನ ಹಿರಿಯರನ್ನು ವಿಚಾರಿಸುತ್ತೇವೆ. ಅದೇ ನೀತಿ.

ಇಷ್ಟಾದರೆ ಹೆಸರಿನ ಮಹಿಮೆ ಇಳಿಯಬೇಕಾಗಿತ್ತು. ಆದರೆ ಏರಿತು. ಏಕೆಂದರೆ ಈ ಹೊಸ ಯಂತ್ರ ಕೊಂಡಿಯನ್ನು ಎಣಿಸಿದ್ದಷ್ಟೇ ಅಲ್ಲ, ಕೊಂಡಿಯ ಮೇಲೆ ಬರೆದ ಮಾತನ್ನೂ ಓದಿತು. ನೂರು ಜನ ‘ಅಗ್ಗದ ವಿಮಾನ ಟಿಕೆಟ್’ ಎಂಬ ಮಾತಿನ ಮೂಲಕ ಒಂದು ತಾಣವನ್ನು ತೋರಿಸಿದರೆ ಆ ತಾಣ ಅಗ್ಗದ ಟಿಕೆಟ್ಟಿನದೇ ಇರಬೇಕೆಂದು ಅದು ತಿಳಿಯುತ್ತಿತ್ತು. ತಾಣದ ಹೆಸರೇ ‘ಅಗ್ಗದ ವಿಮಾನ ಟಿಕೆಟ್’ ಎಂದಿದ್ದರೆ? ಕೊಂಡಿ ಹಾಕುವವರು ಸಹಜವಾಗಿ ಹೆಸರನ್ನೇ ಬರೆಯುತ್ತಾರೆ. ಹೀಗೆ ಪ್ರತಿ ಸಾಕ್ಷಿಯ ಬಾಯಲ್ಲಿಯೂ ಬೇಕಾದ ಮಾತೇ ಬರುವಂತಾಯಿತು. ಅನ್ವರ್ಥನಾಮ ಏಣಿಯಾಯಿತು.

ಅಷ್ಟರಲ್ಲಿ ಹೆಸರುಗಳ ಪೇಟೆಯೂ ಕಾವೇರಿತ್ತು. 1995ರಲ್ಲಿ ಎರಡು ವರ್ಷಕ್ಕೆ 100 ಡಾಲರಿನಂತೆ ನೋಂದಣಿ ಶುಲ್ಕ ಗೊತ್ತಾಗಿತ್ತು. ಕೊಂಡು ಕೂಡಿಟ್ಟು ಮಾರುವವರು ಎದ್ದಿದ್ದರು. 1999ರಲ್ಲಿ ಬಿಸಿನೆಸ್ ಡಾಟ್ ಕಾಮ್ ಎಂಬ ಬರಿಯ ಹೆಸರು 75 ಲಕ್ಷ ಡಾಲರಿಗೆ ಮಾರಾಟವಾಯಿತು. ಸಾಕುಪ್ರಾಣಿಗಳ ಸಾಮಗ್ರಿ ಮಾರುತ್ತಿದ್ದ ಪೆಟ್ಸ್ ಡಾಟ್ ಕಾಮ್‌ಗೆ ಇದಕ್ಕಿಂತ ಅನ್ವರ್ಥವಾದ ಹೆಸರು ಸಿಕ್ಕುತ್ತಿರಲಿಲ್ಲ. 2000ದ ಫೆಬ್ರುವರಿಯಲ್ಲಿ ಅದು ಸಾರ್ವಜನಿಕರಿಗೆ ಷೇರು ಮಾರಿತು. ಅದೇ ವರ್ಷ ನವೆಂಬರಿನಲ್ಲಿ ಬಾಗಿಲು ಮುಚ್ಚುವುದಾಗಿ ಸಾರಿತು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ನಮ್ಮಲ್ಲಿ ಹುಟ್ಟಿದ್ದು ಸುಮ್ಮನಲ್ಲ.

ಆದರೂ ಏಣಿಯನ್ನು ಕಂಡವರು ಸುಮ್ಮನಿರಲಿಲ್ಲ. ಹೆಸರಿನ ಒಂದು ತುಂಡಿಗೆ 63 ಅಕ್ಷರದವರೆಗೆ ಅವಕಾಶವುಂಟು. ಊರಿನ ಹೆಸರು, ಸರಕಿನ ಹೆಸರು, ‘ಅಗ್ಗದ’, ‘ಅತ್ಯುತ್ತಮ’ ಎಂಬ ವಿಶೇಷಣ ಎಲ್ಲವನ್ನೂ ಅಡ್ಡಗೆರೆ ಹಾಕಿ ಪೋಣಿಸಿದ, ಅರಿಸಮಾಸಗಳನ್ನೂ ಮೀರಿಸುವ ಹೆಸರುಗಳು ಬಂದುವು. ಒಳಗೆ ಹೊಕ್ಕರೆ ಹುರುಳಿಲ್ಲದ ನಾಲ್ಕು ಸಾಲು, ಹತ್ತು ಜಾಹೀರಾತು. ನಿಜವಾಗಿ ಅಂಗಡಿ ನಡೆಸುವವರು ಈ ಹುಲ್ಲುಗೊಂಬೆಗಳ ಹಿಂದೆ ನಿಂತು ಕಾಯಬೇಕಾಯಿತು. ಸಾಲಿನ ಚರ್ಚೆ ನಮಗೆ ಸಂಬಂಧಿಸುವುದು ಇಲ್ಲಿಯೇ. ಎರಡನೆಯ ಪುಟಕ್ಕೆ ಇಳಿದ ಅಂಗಡಿಯವರ ಸರಕು ಕೆಟ್ಟದ್ದಲ್ಲ. ಅವರ ಹೆಸರು ತಂದೆಯ ಕಾಲದ ಅಂಕಿತವಾಗಿತ್ತು, ಅಷ್ಟೇ ಅವರ ಅಪರಾಧ.

2012ರ ಸೆಪ್ಟೆಂಬರ್ 28ರಂದು ಗೂಗಲ್ಲಿನ ಎಂಜಿನಿಯರ್ ಮ್ಯಾಟ್ ಕಟ್ಸ್ ಅವರು ಒಂದು ಚಿಕ್ಕ ಪ್ರಕಟಣೆ ಹೊರಡಿಸಿದರು. ಹುಡುಕುವ ಮಾತನ್ನೇ ಹೆಸರಾಗಿ ಹೊತ್ತ ಕೀಳ್ಮಟ್ಟದ ತಾಣಗಳನ್ನು ಇನ್ನು ಮುಂದೆ ಕೆಳಗಿಳಿಸಲಾಗುವುದು. ಅಮೆರಿಕದ ಇಂಗ್ಲಿಷ್ ಹುಡುಕಾಟಗಳಲ್ಲಿ ಶೇಕಡ 0.6ರಷ್ಟಕ್ಕೆ ಇದರ ಪರಿಣಾಮ ಎದ್ದು ಕಾಣುವುದು ಎಂಬುದೇ ಅದರ ಸಾರ. ಪ್ರಮಾಣ ಚಿಕ್ಕದಾಗಿ ಕಾಣಬಹುದು; ಆದರೆ ಏಣಿಯನ್ನು ನಂಬಿ ಮನೆ ಕಟ್ಟಿದ್ದವರಿಗೆ ಒಂದೇ ರಾತ್ರಿಯಲ್ಲಿ ಏಣಿ ಜಾರಿತು. ಇಲ್ಲೊಂದು ವಿವೇಕವನ್ನು ಗಮನಿಸಬೇಕು. ಅನ್ವರ್ಥವಾದ ಹೆಸರೇ ತಪ್ಪೆಂದು ಯಾರೂ ಹೇಳಲಿಲ್ಲ. ಹೆಸರಿಗೆ ತಕ್ಕ ಸರಕಿದ್ದ ತಾಣಗಳಿಗೆ ಈ ತೀರ್ಪು ಮುಟ್ಟಬೇಕಾದದ್ದಲ್ಲ. ಹೆಸರೊಂದೇ ಬಂಡವಾಳವಾಗಿದ್ದವರಿಗೆ ಮಾತ್ರ ಪೆಟ್ಟು.

ಅಂದಿನಿಂದ ಗಾಳಿ ಅದೇ ದಿಕ್ಕಿಗೆ ಬೀಸುತ್ತಿದೆ. ಹೊಸಬರಿಗಾಗಿ ಗೂಗಲ್ ಪ್ರಕಟಿಸಿರುವ ಕೈಪಿಡಿ, ತಾಣದ ಹೆಸರಿನೊಳಗಿನ ಮಾತುಗಳಿಂದ ಸ್ಥಾನಕ್ಕೆ ಆಗುವ ಪ್ರಯೋಜನ ಇಲ್ಲವೆನ್ನುವಷ್ಟು ಕಡಿಮೆಯೆಂದೂ, ವ್ಯವಹಾರಕ್ಕೆ ಯಾವುದು ಹಿತವೋ ಆ ಹೆಸರನ್ನೇ ಇಟ್ಟುಕೊಳ್ಳಬೇಕೆಂದೂ ಹೇಳುತ್ತದೆ.

ಹೆಸರಿನ ಬಾಲದ ವಿಷಯಕ್ಕೆ ಬರೋಣ. 2013ರ ಕೊನೆಯಿಂದ ಡಾಟ್ ಕಾಮ್, ಡಾಟ್ ಆರ್ಗ್‌ಗಳ ಜತೆಗೆ ಡಾಟ್ ಶಾಪ್, ಡಾಟ್ ಸ್ಕೂಲ್ ಮುಂತಾದ ಸಾವಿರಕ್ಕೂ ಹೆಚ್ಚು ಹೊಸ ಬಾಲಗಳು ಬಂದಿವೆ. ಹೊಸ ಬಾಲದಲ್ಲಿರುವ ಮಾತಿನಿಂದ ಹುಡುಕಾಟದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂದು 2015ರಲ್ಲಿ ಗೂಗಲ್ ಸ್ಪಷ್ಟಪಡಿಸಿತು. ದೇಶದ ಗುರುತಿನ ಬಾಲಕ್ಕೆ ಮಾತ್ರ ಸ್ವಲ್ಪ ಅರ್ಥವುಂಟು. 2005ರ ಜನವರಿಯಿಂದ ಸಾರ್ವಜನಿಕರಿಗೆ ಸುಲಭವಾಗಿ ದೊರೆಯುತ್ತಿರುವ ಡಾಟ್ ಇನ್ ಎಂಬುದು ‘ಈ ತಾಣ ಭಾರತದ ಜನರಿಗಾಗಿ’ ಎಂದು ಯಂತ್ರಕ್ಕೆ ತಿಳಿಸುತ್ತದೆ. ಆದರೆ ಡಾಟ್ ಟಿವಿ ಎಂಬುದು ಶಾಂತಸಾಗರದ ಟುವಾಲು ಎಂಬ ಪುಟ್ಟ ದ್ವೀಪರಾಷ್ಟ್ರದ ಗುರುತು. ಲೋಕವೆಲ್ಲ ಅದನ್ನು ಟೆಲಿವಿಷನ್ನಿಗಾಗಿ ಬಳಸುತ್ತಿರುವುದರಿಂದ ಶೋಧಯಂತ್ರವೂ ಅದನ್ನು ಸಾಮಾನ್ಯ ಬಾಲದಂತೆಯೇ ಎಣಿಸುತ್ತದೆ. ರೂಢಿಯ ಮುಂದೆ ವ್ಯುತ್ಪತ್ತಿ ಸೋಲುತ್ತದೆಂಬುದು ಯಂತ್ರಕ್ಕೂ ತಿಳಿದ ಮಾತಾಯಿತು.

ಇನ್ನೊಬ್ಬರ ಹೆಸರಿನ ನೆರಳಿನಲ್ಲಿ ನಿಲ್ಲುವ ಆಸೆ ಇನ್ನೊಂದು ಬಗೆಯದು. ಇದರ ಒಂದು ಮುಖ್ಯ ವ್ಯಾಜ್ಯ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿತು. ಸತ್ಯಂ ಇನ್ಫೋವೇ ಕಂಪೆನಿ ತನ್ನ ಹೆಸರಿನ ಅಕ್ಷರಗಳಿಂದ ‘ಸಿಫಿ’ ಎಂಬ ಮಾತು ಕಟ್ಟಿ 1999ರಲ್ಲಿ ಸಿಫಿನೆಟ್ ಮುಂತಾದ ಹೆಸರುಗಳನ್ನು ನೋಂದಾಯಿಸಿತ್ತು. ಬಳಿಕ ಇನ್ನೊಂದು ಕಂಪೆನಿ ಒಂದು ‘ಎಫ್’ ಅಕ್ಷರವನ್ನು ಹೆಚ್ಚಿಗೆ ಸೇರಿಸಿ ಅದೇ ಉಚ್ಚಾರಣೆಯ ಹೆಸರುಗಳನ್ನು ಪಡೆಯಿತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು. ಉಚ್ಚ ನ್ಯಾಯಾಲಯ ಅದನ್ನು ತೆಗೆಯಿತು. 2004ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮೊದಲಿನ ಆಜ್ಞೆಯನ್ನೇ ಎತ್ತಿಹಿಡಿಯಿತು. ಡೊಮೈನ್ ಹೆಸರು ಬರಿಯ ವಿಳಾಸವಲ್ಲ, ವ್ಯಾಪಾರದ ಹೆಸರಿಗಿರುವ ರಕ್ಷಣೆ ಅದಕ್ಕೂ ಉಂಟು ಎಂಬುದು ಆ ತೀರ್ಪಿನಿಂದ ದೇಶಕ್ಕೆಲ್ಲ ಸ್ಥಿರವಾಯಿತು.

ಕನ್ನಡಿಗರಾದ ನಮಗೆ ಒಂದು ವಿಶೇಷ ತೊಡಕುಂಟು. ನಮ್ಮ ಹೆಸರುಗಳನ್ನು ಸಾಮಾನ್ಯವಾಗಿ ರೋಮನ್ ಲಿಪಿಯಲ್ಲಿ ನೋಂದಾಯಿಸುತ್ತೇವೆ. ಆ ಲಿಪಿಗೆ ಲಕಾರ ಳಕಾರಗಳ ಭೇದವಿಲ್ಲ, ಹ್ರಸ್ವದೀರ್ಘಗಳ ಲೆಕ್ಕವಿಲ್ಲ. ‘ಹಳ್ಳಿ’ಯೂ ‘ಹಲ್ಲಿ’ಯೂ ಅಲ್ಲಿ ಒಂದೇ. ‘ಬೆಳೆ’ಯೂ ‘ಬೆಲೆ’ಯೂ ಒಂದೇ. ಕಲ್ಲು ಮಾರುವ ಸಜ್ಜನರ ತಾಣವನ್ನು ಕಳ್ಳಿನ ಅಂಗಡಿಯೆಂದು ಓದಿದರೆ ಓದಿದವರನ್ನು ದೂರುವಂತಿಲ್ಲ. 2014ರ ನವೆಂಬರ್ 1ರಿಂದ ನಮ್ಮ 12 ನಗರಗಳ ಇಂಗ್ಲಿಷ್ ಬರವಣಿಗೆ ಬದಲಾಯಿತು. ಹಳೆಯ ರೂಪ ಹೊತ್ತ ತಾಣಗಳೂ ಇವೆ, ಹೊಸ ರೂಪ ಹೊತ್ತವೂ ಇವೆ. ಹೆಸರಿಡುವ ಮೊದಲು ಅದನ್ನು ಟೆಲಿಫೋನಿನಲ್ಲಿ ಒಬ್ಬರಿಗೆ ಹೇಳಿ, ಕೇಳಿದ್ದನ್ನು ಬರೆಯಿರೆನ್ನಿ. ತಪ್ಪಿಲ್ಲದೆ ಬರೆದರೆ ಹೆಸರು ಉತ್ತೀರ್ಣವಾದಂತೆ.

ನಮ್ಮ ಲಿಪಿಗೇ ದಾರಿಯಿಲ್ಲವೇ ಎಂದರೆ, ಉಂಟು. 2010ರ ಮೇ ತಿಂಗಳಿನಿಂದ ಅರಬ್ಬಿ ಮೊದಲಾದ ಲಿಪಿಗಳಲ್ಲಿ ದೇಶದ ಬಾಲಗಳು ಬಂದುವು. 2014ರಲ್ಲಿ ನಾಗರಿಯ ‘ಭಾರತ’ ತೆರೆಯಿತು. ಅನಂತರ ಕನ್ನಡ ಲಿಪಿಯ ‘ಡಾಟ್ ಭಾರತ’ವೂ ಸೇರಿತು. ಕನ್ನಡದ ಹೆಸರನ್ನು ಯಂತ್ರ ಒಳಗೆ ರೋಮನ್ ಅಕ್ಷರಗಳ ಒಂದು ಸಂಕೇತವಾಗಿ ಮಾರ್ಪಡಿಸಿಕೊಳ್ಳುತ್ತದೆ. ಶೋಧಯಂತ್ರ ಎರಡನ್ನೂ ಒಂದೆಂದೇ ತಿಳಿಯುತ್ತದೆ. ಕನ್ನಡ ಲಿಪಿಯಲ್ಲಿ ಹೆಸರಿಟ್ಟವರು ಸಾಲಿನಲ್ಲಿ ಹಿಂದೆ ಬೀಳುವರೆಂಬ ಭಯಕ್ಕೆ ಆಧಾರವಿಲ್ಲ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದುದು. ಹೆಸರು ನಮ್ಮ ಸ್ವತ್ತಲ್ಲ, ಅವಧಿಗೆ ಪಡೆದದ್ದು. ಡಾಟ್ ಕಾಮ್ ಹೆಸರನ್ನು ಹೆಚ್ಚೆಂದರೆ 10 ವರ್ಷಕ್ಕೆ ಒಮ್ಮೆಗೇ ನೋಂದಾಯಿಸಬಹುದು. ಅವಧಿ ಮುಗಿದು ಪಟ್ಟಿಯಿಂದ ಅಳಿಸಿದ ಮೇಲೂ ದಂಡ ತೆತ್ತು ಬಿಡಿಸಿಕೊಳ್ಳಲು 30 ದಿನದ ಅವಕಾಶವಿರುತ್ತದೆ. ಅದೂ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು. ಹೀಗೆ ಕೈಬಿಟ್ಟ ಹೆಸರುಗಳಿಗಾಗಿ ಕಾದುಕೊಂಡಿರುವವರಿದ್ದಾರೆ. ಅವರಿಗೆ ಬೇಕಾದುದು ಹೆಸರಿನ ಅರ್ಥವಲ್ಲ. ವರ್ಷಗಟ್ಟಲೆ ಜನರು ಆ ತಾಣಕ್ಕೆ ಹಾಕಿದ ಕೊಂಡಿಗಳು, ಎಂದರೆ ಆ ಹೆಸರು ಗಳಿಸಿದ ಸಾಕ್ಷಿ. 2024ರ ಮಾರ್ಚಿನಲ್ಲಿ ಗೂಗಲ್ ಇದನ್ನು ದುರುಪಯೋಗವೆಂದು ಹೆಸರಿಸಿ ನಿಯಮ ಮಾಡಿತು. ಅದು ಕೊಟ್ಟ ಉದಾಹರಣೆಗಳಲ್ಲಿ ಒಂದು, ಹಿಂದೆ ಪ್ರಾಥಮಿಕ ಶಾಲೆಯದಾಗಿದ್ದ ತಾಣದಲ್ಲಿ ಜೂಜಿನ ವಿಷಯ ತುಂಬುವುದು. ನವೀಕರಣದ ಹಣವನ್ನು ಒಂದು ವರ್ಷ ಮರೆತರೆ, ಮಕ್ಕಳ ಕವಿತೆಯೂ ಬಹುಮಾನದ ಪಟ್ಟಿಯೂ ಇದ್ದ ಜಾಗದಲ್ಲಿ ಇಸ್ಪೀಟಿನ ಎಲೆಗಳು ಕಾಣಿಸಿಕೊಳ್ಳಬಹುದು. ಊರಿನವರು ಹಾಕಿದ ಕೊಂಡಿಗಳೆಲ್ಲ ಅದೇ ಬಾಗಿಲಿಗೆ ಮಕ್ಕಳನ್ನು ಕರೆತರುತ್ತವೆ. ಆದುದರಿಂದ ನಿಮ್ಮ ಅಂಗಡಿ, ಶಾಲೆ, ಸಂಘದ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಅವಧಿ ಎಂದಿಗೆ ಮುಗಿಯುತ್ತದೆ ಎಂಬುದನ್ನು ಈ ವಾರವೇ ವಿಚಾರಿಸಿ, ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಹೆಸರು ಬದಲಿಸಲೇಬೇಕಾದರೆ ಹಳೆಯ ಹೆಸರಿಗೆ ಬಂದವರನ್ನು ಹೊಸದಕ್ಕೆ ಕಳುಹಿಸುವ ಏರ್ಪಾಡನ್ನು ಮಾಡಿ, ಕನಿಷ್ಠ ಒಂದು ವರ್ಷವಾದರೂ ಉಳಿಸಿಕೊಳ್ಳಿ.

ಅಂಕಿತವೋ ಅನ್ವರ್ಥವೋ ಎಂಬ ಪ್ರಶ್ನೆಗೆ ಉತ್ತರ ಈಗ ಸುಲಭ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ಕೇಂದ್ರಕ್ಕೆ ಆಕಾಶವಾಣಿ ಎಂದು ಹೆಸರಾಯಿತು; ಮುಂದೆ ಇಡೀ ದೇಶದ ರೇಡಿಯೋ ಅದನ್ನು ತನ್ನದಾಗಿ ಮಾಡಿಕೊಂಡಿತು. ಅದು ಅನ್ವರ್ಥನಾಮವೇ. ಆದರೆ ಅದು ನಮ್ಮ ಮನೆಗಳಲ್ಲಿ ನೆಲೆನಿಂತುದು ಪದದ ಅರ್ಥದಿಂದಲ್ಲ, ದಿನದಿನವೂ ಅದರೊಳಗಿಂದ ಬಂದ ದನಿಯಿಂದ. ಹೇಳಲು ಸುಲಭವಾದ, ಬರೆಯಲು ತಪ್ಪಾಗದ, ನಿಮ್ಮದೇ ಆದ ಒಂದು ಹೆಸರನ್ನು ಇಟ್ಟುಕೊಳ್ಳಿ. ಅದನ್ನು ಕೈಬಿಡದೆ ಕಾಪಾಡಿ. ಆ ಹೆಸರಿಗೆ ಅರ್ಥ ತುಂಬುವ ಕೆಲಸ ನಿಮ್ಮ ದುಡಿಮೆಯದು. ಸಾಲಿನಲ್ಲಿ ಸ್ಥಾನ ಅದನ್ನು ಹಿಂಬಾಲಿಸಿ ಬರುವುದು.